ಬದಿಮನೆಯ ಗಂಜಿ

ನಾನು ಪರದೇಶದವಳು ಅಂದರೆ ಇವತ್ತಿನ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಮಾಜಾಳಿಯಿಂದ ಆಚೆ ಗುಡ್ಡ ಹತ್ತಿ ಇಳಿದರೆ ಸಿಗುವ ಊರು ನನ್ನದು, ಗೋವೆಯ ಕಾಣಕೋಣದ ಕಡೆಯದು. ಈಗ ಯಾರೂ ತಡೆಯದೆ ಹೋಗಿ ಬರಬಹುದು. ಆಗ ನಡುವೆ ಗಡಿಯ ಚೌಕಿ ಇತ್ತು. ಚೌಕಿಯ ಆಚೆ, ನಾವು ಪಾಕ್ಲೆ ಅಂತ ಕರೆಯುತ್ತಿದ್ದ ಪೋರ್ತುಗೀಜರ ರಾಜ್ಯ. ಈಚೆ ಇಂಗ್ರೇಜರದ್ದು. ಎರಡೂ ಕಡೆ ಅದೇ ಬಂಗಡೆ, ಅದೇ ಕುಚ್ಚಲಕ್ಕಿ ಗಂಜಿ, ಅದೇ ಹಾಳು ಸೆಕೆ. ಆದರೂ ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ, ಮದುವೆಯಾದ ಹೊಸತರಲ್ಲಿ, ಗಂಡನ ಬೆನ್ನಿಗೆ ಅಂಕೋಲೆಗೆ ಬಂದು ಇಳಿದಾಗ ನಾನು ಪರದೇಶದವಳೇ ಆಗಿದ್ದೆ. ಹಾಗಂತ ನಾನು ಹೇಳಿದ್ದಲ್ಲ, ಸರಕಾರ ಹೇಳಿದ್ದು.

ನಮ್ಮವರು ಮುಂಬಯಿಯ ಒಂದು ಸೋಡಾ ಕಾರ್ಖಾನೆಯಲ್ಲಿ ಚಕ್ರ ತಿರುಗಿಸಿ ಬಂದವರು. ಅಲ್ಲಿಂದ ಬರುವಾಗ ತಲೆಯೊಳಗೆ ಒಂದೇ ಹುಚ್ಚು ಹೊತ್ತು ತಂದಿದ್ದರು: ಸ್ವಂತದ್ದೊಂದು ಸೋಡಾ ಕಂಪನಿ. ಹಾಗಾದರೆ ನಮ್ಮೂರಲ್ಲೇ ಮಾಡಬಹುದಿತ್ತಲ್ಲ ಅಂತ ನಾನು ಕೇಳಿದ್ದೆ. "ನಮ್ಮೂರಲ್ಲಿ ಸೋಡಾ ಯಾರು ಕುಡಿಯುತ್ತಾರೆ? ಅಲ್ಲಿ ಕುಡಿಯುವುದೇ ಬೇರೆ" ಅಂದರು. ಅದೂ ನಿಜವೇ. ಅಂಕೋಲೆಯಲ್ಲಾದರೆ ಕಾರವಾರದಿಂದ ಕುಮಟೆಗೆ ಹೋಗುವ ಮೋಟಾರುಗಳು ನಿಲ್ಲುತ್ತಿದ್ದವು. ಒಳಗಿಂದ ಇಳಿಯುವವರು ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ಅಂಥವರ ಕೈಗೆ ತಣ್ಣಗಿನ ಗೋಲಿ ಸೋಡಾ ಕೊಟ್ಟರೆ ಬೇಡ ಅನ್ನುತ್ತಾರೆಯೇ?

ಮಷೀನು ಮುಂಬಯಿಯಿಂದ ಆಗಬೋಟಿಯಲ್ಲಿ ಕಾರವಾರಕ್ಕೆ ಬಂತು. ಬೈತಖೋಲದ ಬಂದರಿನಲ್ಲಿ ಇಳಿಸಿದ ಕೂಡಲೆ ಪೋಲೀಸರು ಸುತ್ತುಗಟ್ಟಿದರು. ಚಳವಳಿಯ ದಿನಗಳು ಅವು. ದೊಡ್ಡ ಚಕ್ರ, ಹಿಡಿಕೆ, ಕೊಳವೆ ಎಲ್ಲ ಕಂಡು, ಕರಪತ್ರ ಛಾಪಿಸುವ ಯಂತ್ರವೇ ಇರಬೇಕು ಅಂದುಕೊಂಡರಂತೆ. ನಮ್ಮವರು ಅಲ್ಲೇ ದಕ್ಕೆಯ ಮೇಲೆ ಅದನ್ನು ಜೋಡಿಸಿ ತೋರಿಸಬೇಕಾಯಿತು. ಛಾಪಿಸುವುದಿಲ್ಲ ಅಂತ ಗೊತ್ತಾದ ಮೇಲೆ ಒಬ್ಬ ಪೋಲೀಸಪ್ಪ, "ಹಾಗಾದ್ರೆ ಒಂದು ಸೋಡಾ ಮಾಡಿ ಕೊಡು ನೋಡ್ವಾ" ಅಂದನಂತೆ. ಗ್ಯಾಸಿಲ್ಲದೆ ಎಲ್ಲಿಂದ ಮಾಡುವುದು? ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಅಂಕೋಲೆ ಮುಟ್ಟುವಷ್ಟರಲ್ಲಿ ನಮ್ಮವರ ಮುಖ ಬಾಡಿಹೋಗಿತ್ತು.

ಮನೆ ಹೂಡುವ ದಿನ ಅತ್ತೆಯೂ ಬಂದರು. ನಾನು ಅವರನ್ನು ನಮ್ಮ ಕೊಂಕಣಿಯಲ್ಲಿ ಮಾಂಯ್ ಅನ್ನುತ್ತಿದ್ದೆ. ಅವರ ತಲೆಯ ಮೇಲೆ ಒಂದು ಗೋಣಿ. ಒಳಗೆ ಒಲೆಯ ಮೂರು ಕಲ್ಲು. ನಮ್ಮಲ್ಲಿ ಒಂದು ರೂಢಿ: ಮಗ ಬೇರೆ ಊರಲ್ಲಿ ಒಲೆ ಹೂಡಿದರೆ ಆ ಒಲೆಯ ಕಲ್ಲು ತಾಯಿಯ ಮನೆಯದೇ ಆಗಬೇಕು. ಚೌಕಿಯ ಸಿಪಾಯಿ ಗೋಣಿ ಬಿಚ್ಚಿಸಿ, ಕಲ್ಲು ತಿರುವಿ ಮುರುವಿ ನೋಡಿ, ಸುಂಕ ಹಾಕಲು ಏನೂ ಸಿಗದೆ, ಈ ಮುದುಕಿಗೆ ತಲೆ ಕೆಟ್ಟಿದೆ ಅಂತ ಬಿಟ್ಟನಂತೆ. ಅತ್ತೆ ಅದನ್ನು ಹೇಳಿ ಹೇಳಿ ನಕ್ಕರು. "ಪಾಕ್ಲ್ಯಾನಿಗೆ ಒಲೆ ಗೊತ್ತೇನೇ?" ಅಂದರು. ಆಮೇಲೆ ತಾವೇ ಮಣ್ಣು ಕಲಸಿ, ಕಲ್ಲು ಕೂರಿಸಿ, ಹಾಲು ಉಕ್ಕಿಸಿ, ಮಾರನೆಯ ದಿನ ಹೋದರು. ಹೋಗುವಾಗ ನನ್ನ ಗಲ್ಲ ಹಿಡಿದು, "ಒಲೆ ನನ್ನದು, ನೋಡಿಕೋ" ಅಂದರು. ಅವರಿಗೆ ನನ್ನ ಮೇಲೆ ಅಷ್ಟು ವಿಶ್ವಾಸವಿತ್ತು.

ನಮ್ಮ ಮನೆಯ ಬೇಲಿಗೆ ತಾಗಿ ಒಂದು ಬೇಸಾಯದ ಮನೆ. ಆ ಮನೆಯ ಯಜಮಾನತಿಯನ್ನು ನಾನು ಬದಿಮನೆ ಅಕ್ಕ ಅನ್ನುತ್ತಿದ್ದೆ. ತವರು ಕಾರವಾರದ ಹತ್ತಿರ ಕಿನ್ನರ. ಗದ್ದೆಯಲ್ಲಿ ದುಡಿದು ದುಡಿದು ಗಟ್ಟಿಯಾದ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇಬ್ಬರಿಗೂ ಮೊದಲ ದಿನವೇ ಕೋಳಿಯ ವಿಷಯಕ್ಕೆ ಜಗಳವಾಯಿತು, ಅವಳ ಕೋಳಿ ನಮ್ಮ ಬಾಟಲಿಗಳಿಗೆ ಸುತ್ತಿದ ಹುಲ್ಲು ಕೆದರಿದ್ದಕ್ಕೆ. ಅವಳು ಕನ್ನಡದಲ್ಲಿ ಬೈದಳು, ನಾನು ಕೊಂಕಣಿಯಲ್ಲಿ ಬೈದೆ. ಸಂಜೆಗೆ ಬೇಲಿಯ ಮೇಲಿಂದ ಒಂದು ಹೆಡಿಗೆ ಬಸಳೆ ಬಂತು. "ತಕ್ಕಾ ತಂಗಿ, ಹಾಳಾಗ್ತದೆ" ಅಂದಳು. ಜಗಳವಾಡಿದವಳ ಮನೆಗೇ ಬಸಳೆ ಕೊಡುವ ಜನ ಎಂಥವರಪ್ಪ ಅಂತ ನಾನು ಬೆಪ್ಪಾಗಿ ನಿಂತೆ. ಕನ್ನಡ ಕಲಿತದ್ದು ಆ ಬೇಲಿಯ ಬುಡದಲ್ಲೇ, ಅವಳ ಬಾಯಿಂದಲೇ.

ಆದರೆ ಅಕ್ಕ ಕೊಡುತ್ತಿದ್ದಳೇ ಹೊರತು ನಾನು ಕೊಟ್ಟದ್ದನ್ನು ತಿನ್ನುತ್ತಿರಲಿಲ್ಲ. ಚೌತಿಗೆ ನಾನು ಮಾಡಿದ ನೇವರಿ, ಅಂದರೆ ಕರಿಗಡುಬು, ಒಯ್ದು ಕೊಟ್ಟರೆ, "ಇಡು ತಂಗಿ, ಆಮೇಲೆ ತಿಂತೆ" ಅಂದಳು. ಮಾರನೆಯ ದಿನ ಅದು ಎಮ್ಮೆಯ ಕಲಗಚ್ಚಿನಲ್ಲಿ ತೇಲುವುದನ್ನು ನಾನೇ ಕಣ್ಣಾರೆ ಕಂಡೆ. ಮೈ ಉರಿದುಹೋಯಿತು. ಗೋವೆಯವರು, ಅಲ್ಲಿ ಯಾರ ಜೊತೆ ಏನು ಬಳಕೆಯೋ, ಯಾವ ಜಾತಿಯೋ ಅಂತ ಅವಳ ಅತ್ತೆಗೆ ಅನುಮಾನ. ಆ ಅಜ್ಜಿ ಜಗಲಿಯ ಮೂಲೆಯಲ್ಲಿ ಕೂತು ಊರಿನ ಮಡಿಯನ್ನೆಲ್ಲ ತಾನೇ ಕಾಯುತ್ತಿದ್ದಳು. ನಮ್ಮ ಮನೆಯಿಂದ ಬೀಸಿದ ಗಾಳಿಯೂ ಅವಳಿಗೆ ಆಗುತ್ತಿರಲಿಲ್ಲ.

ಹಾಗಂತ ಸೋಡಾ ಮಾತ್ರ ಆಗುತ್ತಿತ್ತು! ಅಜ್ಜಿಗೆ ಹೊಟ್ಟೆ ಉಬ್ಬರ. ಕಂಪನಿ ಶುರುವಾಗಿ ವಾರವಾಗಿರಲಿಲ್ಲ, ಅಕ್ಕ ಬೇಲಿಯ ಹತ್ತಿರ ಬಂದು ಒಂದು ಬಾಟಲಿ ಕೇಳಿದಳು. ನಾನು ಬಿಡುತ್ತೇನೆಯೇ? "ನನ್ನ ನೇವರಿ ಎಮ್ಮೆಗೆ, ಸೋಡಾ ಅತ್ತೆಗೆ?" ಅಂದೆ. ಅಕ್ಕ ಒಂದಿಷ್ಟೂ ನಾಚಿಕೊಳ್ಳಲಿಲ್ಲ. "ಅದು ಮಷೀನು ಮಾಡಿದ್ದು. ನೀ ಮಾಡಿದ್ದಲ್ವಲ್ಲ" ಅಂದಳು. ನಮ್ಮವರು ಗೋಲಿ ಒತ್ತಿ, ಅಜ್ಜಿಯ ಹಿತ್ತಾಳೆ ಚೊಂಬಿಗೆ ಮೇಲಿಂದ ಹೊಯ್ದರು. ಅಜ್ಜಿ ಕುಡಿದು, ಕಣ್ಣು ಮುಚ್ಚಿ, ಬೇಲಿಯ ಆಚೆಗೂ ಕೇಳುವಂಥ ಒಂದು ತೇಗು ತೇಗಿದಳು. ನಮ್ಮ ಕಂಪನಿಗೆ ಅಂಕೋಲೆಯಲ್ಲಿ ಸಿಕ್ಕಿದ ಮೊದಲ ಶಿಫಾರಸು ಅದು. ಅವತ್ತಿನಿಂದ ಮೋಟಾರು ಸ್ಟ್ಯಾಂಡಿನಲ್ಲಿ ನಮ್ಮ ಸೋಡಾ ಚೆನ್ನಾಗಿ ನಡೆಯಿತು. ಆ ಅಜ್ಜಿಯ ಉಪಕಾರ ಇಲ್ಲ ಅನ್ನಲಾರೆ.

ಒಂದು ವರ್ಷ ಕಳೆಯುವಷ್ಟರಲ್ಲಿ ಯಾರೋ ಪುಣ್ಯಾತ್ಮರು ತಾಲೂಕಿನ ಮಾಮ್ಲೇದಾರರ ಕಚೇರಿಗೆ ಸುದ್ದಿ ಮುಟ್ಟಿಸಿದರು: ಇವರು ಪರದೇಶದವರು, ಸಂಸಾರವೆಲ್ಲ ಗೋವೆಯಲ್ಲೇ, ಇಲ್ಲಿರುವುದು ಬರೀ ದಾಸ್ತಾನು, ಬಾಟಲಿಯಲ್ಲಿ ಸೋಡಾ ಬಂತೋ ಬೇರೇನು ಬಂತೋ ಯಾರು ಕಂಡರು ಅಂತ. ಗೋವೆಯವರ ಕೈಯಲ್ಲಿ ಬಾಟಲಿ ಅಂದಮೇಲೆ ಅನುಮಾನ ಬರುವುದು ಸಹಜವೇ. ಕಚೇರಿಯಿಂದ ನಮಗೆ ಹೇಳಿದ್ದು ಇಷ್ಟು: ಚೌಕಶಿಗೆ, ಅಂದರೆ ವಿಚಾರಣೆಗೆ, ಜನ ಬರುತ್ತಾರೆ. ನೀವು ಇಲ್ಲೇ ಸಂಸಾರ ಹೂಡಿ ನೆಲೆಸಿದವರು ಅಂತ ಅವರಿಗೆ ಖಾತ್ರಿಯಾದರೆ ಕಾಯಮ್ಮಾಗಿ ಇರಬಹುದು, ಕಂಪನಿಯೂ ನಡೆಯಬಹುದು. ಆಗದಿದ್ದರೆ ಮಷೀನು ಕಟ್ಟಿಕೊಂಡು ಮಾಜಾಳಿ ದಾಟಬೇಕು. ಯಾವತ್ತು ಬರುತ್ತಾರೆ ಅಂತ ಹೇಳಲಿಲ್ಲ. ಹೇಳಿ ಬಂದರೆ ಅದು ಚೌಕಶಿ ಹೇಗಾಗುತ್ತದೆ?

ಆ ದಿನಗಳಲ್ಲೇ ಮಾಜಾಳಿ ಕಡೆಯಿಂದ ಬಂದ ಮೋಟಾರಿನ ಡ್ರೈವರನ ಬಾಯಲ್ಲಿ ಸುದ್ದಿ ಬಂತು. ಅತ್ತೆ ಹೋದರು. ಗದ್ದೆಯಿಂದ ಬಂದು ಮಲಗಿದವರು ಏಳಲೇ ಇಲ್ಲವಂತೆ.

ನಮ್ಮವರು ಉಟ್ಟ ಬಟ್ಟೆಯಲ್ಲೇ ಹೊರಟರು. ನಾನೂ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ನೀನು ಇರು. ಇಬ್ಬರೂ ಹೋದರೆ, ಬಾಗಿಲಿನ ಬೀಗ ನೋಡಿ ಬರೆದುಕೊಂಡು ಹೋಗುತ್ತಾರೆ. ಆಮೇಲೆ ಏನು ಹೇಳಿದರೂ ಯಾರು ಕೇಳುತ್ತಾರೆ?" ಅಂದರು. ಅಮ್ಮನನ್ನು ಕಳಕೊಂಡವರ ಜೊತೆ ವಾದ ಮಾಡುವುದು ಹೇಗೆ? ಉಳಿದೆ. ಮಾಂಯ್‌ಯ ಮುಖ ನೋಡದೆ ಉಳಿದೆ.

ಮನೆಯೊಳಗೆ ಬಂದು ಏನು ಮಾಡಬೇಕು ಅಂತ ತಿಳಿಯಲಿಲ್ಲ. ಕೇಳೋಣವೆಂದರೆ ಹಿರಿಯರು ಯಾರೂ ಇಲ್ಲ. ನಮ್ಮಲ್ಲಿ ಸಾವಿನ ಮನೆಯ ಒಲೆ ಮೂರು ದಿನ ಹಚ್ಚುವುದಿಲ್ಲ. ನೆರೆಯವರು ತಂದುಕೊಟ್ಟದ್ದನ್ನೇ ಉಣ್ಣಬೇಕು. ಆದರೆ ಸಾವಾದದ್ದು ಅಲ್ಲಿ, ನಾನಿರುವುದು ಇಲ್ಲಿ. ಒಲೆಯ ಕಡೆ ನೋಡಿದೆ. ಅತ್ತೆಯ ಮೂರು ಕಲ್ಲುಗಳು. ಒಲೆ ನನ್ನದು, ನೋಡಿಕೋ ಅಂದಿದ್ದರಲ್ಲ! ಕೆಂಡಕ್ಕೆ ನೀರು ಹೊಯ್ದು, ಬೂದಿ ಬಳಿದು ಹೊರಗೆ ಹಾಕಿ, ಕಲ್ಲಿನ ಸುತ್ತ ಸೆಗಣಿ ಸಾರಿಸಿದೆ. ಮಡಕೆಗಳನ್ನು ತೊಳೆದು ಬೋರಲು ಹಾಕಿದೆ. ಆಮೇಲೆ ಅದರ ಮುಂದೆ ಕೂತು ಮನಸೋ ಇಚ್ಛೆ ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಬೇಲಿಯ ಹತ್ತಿರ ಅಕ್ಕನ ದನಿ. "ಏ ತಂಗೀ, ಎಂತಾ ನಿಮ್ಮನೇ ಮಾಡಿನ ಮೇಲೆ ಹೊಗೆಯೇ ಇಲ್ಲಾ? ಜ್ವರವಾ?"

ನಾನು ಹೊರಗೆ ಬಂದೆ. ನನ್ನ ಮುಖ ನೋಡಿದ್ದೇ ಅವಳು ಬೇಲಿಯ ದಣಪೆ ಸರಿಸಿ ಒಳಗೆ ಬಂದಳು. ಹೇಳಿದೆ. ಒಲೆ ಆರಿಸಿದ್ದನ್ನೂ ಹೇಳಿದೆ. ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಹುಚ್ಚೀ! ಹೆಣ ಎದ್ದದ್ದು ಅಲ್ಲಿ, ಒಲೆ ಆರಿಸಿದ್ದು ಇಲ್ಲಾ? ಸತ್ತ ಮನೇಲಿ ಮಾತ್ರ ಒಲೆ ಹಚ್ಚೂದಿಲ್ಲ. ದೂರ ಇದ್ದ ಸೊಸೆ ಉಪವಾಸ ಬೀಳೂದು ಯಾವ ಊರ ಪದ್ಧತಿಯೇ?"

"ಕಲ್ಲು ಅವರದ್ದು ಅಕ್ಕಾ" ಅಂದೆ. "ಅವರ ಒಲೆಯ ಕಲ್ಲು. ಅಲ್ಲಿಂದ ತಲೆ ಮೇಲೆ ಹೊತ್ತು ತಂದದ್ದು. ಇದೂ ಅವರ ಮನೆಯೇ ಅಲ್ಲವಾ?"

ಅಕ್ಕ ಅಡಿಗೆಮನೆಗೆ ಹೋಗಿ ಬಗ್ಗಿ ಆ ಕಲ್ಲು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು. ಮಧ್ಯಾಹ್ನಕ್ಕೆ ಗಂಜಿ ತಂದಳು, ಜೊತೆಗೆ ಮಿಡಿ ಉಪ್ಪಿನಕಾಯಿ. "ನಿನ್ನ ಲೆಕ್ಕದಾಗೆ ಇದು ಸೂತಕದ ಮನೆ ಹೌದಾದ್ರೆ, ನನ್ನ ಲೆಕ್ಕದಾಗೆ ನಾ ಬದಿಮನೆಯವ್ಳು. ಉಣ್ಣು" ಅಂದಳು. ನಾನು ಉಂಡೆ. ಅಂಥ ಗಂಜಿ ಮತ್ತೆ ಎಲ್ಲಿಯೂ ಉಣ್ಣಲಿಲ್ಲ. ಸಂಜೆಗೂ ತಂದಳು.

ಅದರ ಮಾರನೆಯ ದಿನ ಚೌಕಶಿಯವರು ಬಂದರು. ಇಷ್ಟು ದಿನ ಬಿಟ್ಟು ಅದೇ ದಿನ ಬರಬೇಕೇ! ಮುಂದೆ ಕಚೇರಿಯ ಅವಲ್ ಕಾರಕೂನರು. ಮಾಮ್ಲೇದಾರರ ಕೆಳಗೆ ಅವರೇ ದೊಡ್ಡವರು. ಘಟ್ಟದ ಮೇಲಿನ ಧಾರವಾಡ ಸೀಮೆಯವರು, ತಲೆಗೆ ರುಮಾಲು, ಕಾಲಿಗೆ ಚರಚರ ಅನ್ನುವ ಜೋಡು. ಹಿಂದೆ ನಮ್ಮ ಮನೆಯ ಧಣಿಯೂ ಆದ ಪಟೇಲರು, ಕೈಕಟ್ಟಿಕೊಂಡು.

"ಯಜಮಾನ ಎಲ್ಲಿ?" ಅಂದರು ಕಾರಕೂನರು.

"ಗೋವೆಗೆ ಹೋಗಿದ್ದಾರೆ" ಅಂದೆ.

ಅವರು ಪಟೇಲರ ಮುಖ ನೋಡಿದರು. ಮಷೀನಿನ ಮೇಲೆ ಗೋಣಿ ಹೊದೆಸಿತ್ತು, ಎತ್ತಿ ನೋಡಿದರು. ಬಾಟಲಿಗಳೆಲ್ಲ ಖಾಲಿ. ಜೋಡು ಹಾಕಿಕೊಂಡೇ ಅಡಿಗೆಮನೆಗೆ ನುಗ್ಗಿದರು. ಒಲೆಯ ಮುಂದೆ ಬಗ್ಗಿ ಕಲ್ಲಿನ ಮೇಲೆ ಬೆರಳು ಆಡಿಸಿದರು. ತಣ್ಣಗೆ. ಒಂದು ಚಿಟಿಕೆ ಬೂದಿಯೂ ಇಲ್ಲ. ಬೋರಲು ಬಿದ್ದ ಮಡಕೆಗಳು. ನಾನು ಮಾಡಿದ ಕೆಲಸ ಏನು ಅಂತ ಆಗ ನನಗೆ ಹೊಳೆಯಿತು.

"ಪಟೇಲ್ರ, ಇಲ್ಲಿ ಯಾರೂ ಬಾಳ್ವೆ ಮಾಡಂಗಿಲ್ಲ" ಅಂದರು. "ಈ ಒಲಿ ಹಚ್ಚಿ ಎಷ್ಟ್ ತಿಂಗಳಾತೋ. ನಾವು ಬರ್ತೀವಂತ ಈ ಹುಡುಗೀನ್ನ ತಂದು ಕೂಡಿಸ್ಯಾರ, ಅಷ್ಟ."

ಪಟೇಲರು ಒಳ್ಳೆಯವರೇ. ಆದರೆ ಅವರ ಮನೆ ದೂರ, ಸಾವಿನ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ಅವರೂ ಒಲೆ ನೋಡಿ ತಬ್ಬಿಬ್ಬಾದರು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಕಲಿತ ಕನ್ನಡವೆಲ್ಲ ಹಾರಿಹೋಗುತ್ತದೆ. ಜೋಡು ತೆಗೆಯಿರಿ, ಇದು ಸಾವಿನ ಮನೆ, ಇದು ನನ್ನ ಅತ್ತೆಯ ಒಲೆ ಅಂತ ಕೊಂಕಣಿಯಲ್ಲಿ ಕೂಗಿದೆ, ಅತ್ತುಬಿಟ್ಟೆ, ಮತ್ತೆ ಕೂಗಿದೆ. ಪಾಪ, ಘಟ್ಟದ ಮೇಲಿನವರಿಗೆ ಅದು ಏನು ತಿಳಿಯಬೇಕು? ಅಳುವಿನ ನಡುವೆ ಪಟೇಲರಿಗೂ ಒಂದಕ್ಷರ ಹಿಡಿಯಲಿಲ್ಲ. ಅವರು ಕಿಸೆಯಿಂದ ಸೀಸಕಡ್ಡಿ ತೆಗೆದರು. ನಮ್ಮವರು ಅಮ್ಮನ ಬೂದಿಯ ಹತ್ತಿರ ನಿಂತಿರುವಾಗ ಇಲ್ಲಿ ಅವರ ಕಂಪನಿ ಮುಗಿಯಿತು, ಮುಗಿಸಿದವಳು ನಾನೇ ಅಂದುಕೊಂಡೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಅಕ್ಕ. ಕೈಯಲ್ಲಿ ಬಾಳೆಯೆಲೆ ಮುಚ್ಚಿದ ಗಂಜಿ ಗಡಿಗೆ.

"ಒಡ್ಯಾ, ಚೂರು ಬದಿಗೆ ಸರೀರಿ, ಗಂಜಿ ಬಿಸಿ ಅದೆ" ಅಂದಳು, ಅವಲ್ ಕಾರಕೂನರಿಗೆ! ಅವರು ಸರಿದರು ಕೂಡ. ಅಕ್ಕ ಗಡಿಗೆ ಇಳಿಸಿ ನೆಟ್ಟಗಾಗಿ ಅವರ ಕಾಲು ನೋಡಿದಳು. "ಸೂತಕದ ಮನೆ ಅಡಿಗೆಮನೇಲಿ ಜೋಡಾ?" ಅಂದಳು.

"ಯಾರ ಸೂತಕ?" ಅಂದರು ಕಾರಕೂನರು.

"ಇದ್ರ ಅತ್ತೆದು. ಮೊನ್ನೆ ತೀರ್ಕಂಡ್ರು. ಗಂಡ ಕ್ರಿಯೆಗೆ ಹೋಗಾನೆ. ಈ ಹುಚ್ಚಿ, ನೀವು ಬತ್ತ್ರಿ ಹೇಳಿ ಅತ್ತೆ ಮೋರೆ ನೋಡೂಕೂ ಹೋಗ್ದೆ ಇಲ್ಲಿ ಕೂತದೆ. ಒಲೆ ಕಲ್ಲು ಅತ್ತೆದು ಹೇಳಿ ಒಲೆಯೂ ಹಚ್ಚೂದಿಲ್ಲ. ನಿನ್ನೆಯಿಂದ ನಾ ಗಂಜಿ ಹೊರ್ತೆ ಇದ್ದೆ."

"ನೀ ಯಾಕ ತರ್ತೀಯಮ್ಮಾ?"

ಅಕ್ಕನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಅಂದ್ರೆ? ಬದಿಮನೆ ನಂದು. ನಾ ತರ್ದೆ ಇದ್ರೆ ನೀವು ಕಚೇರಿಂದ ತರ್ತಿದ್ರಾ?"

ಕಾರಕೂನರು ತಮ್ಮ ಕಾಲು ನೋಡಿಕೊಂಡರು. ಹಿಂದೆ ಹಿಂದೆ ಸರಿದು ಹೊರಗೆ ಹೋದರು, ಜೋಡು ಕಳಚಿದರು, ಬಾವಿಕಟ್ಟೆಯ ಮೇಲೆ ಕೂತರು. ಪಟೇಲರನ್ನು ಹತ್ತಿರ ಕರೆದು ಕೇಳಿದ್ದು ನನಗೆ ಕಿಟಕಿಯಿಂದ ಕೇಳಿಸಿತು. "ಪಟೇಲ್ರ, ನಿಮ್ಮ ಊರಾಗ ದಾರಿಹೋಕರಿಗೂ ಸೂತಕದ ಗಂಜಿ ಕೊಡ್ತಾರೇನ್ರಿ?"

"ಇಲ್ಲ ಸಾಹೇಬ್ರೇ. ಅದು ಊರಿನೋರಿಗೇ. ಬೇರೆಯವ್ರಿಗೆ ಯಾರು ಕೊಡ್ತಾರೆ?"

"ಮತ್ತ? ಊರಿನವರು ಅಂತನ ಬರೀತೀನಿ" ಅಂದರು. ಸೀಸಕಡ್ಡಿಯ ತುದಿ ನಾಲಿಗೆಗೆ ಒತ್ತಿ ಅಲ್ಲೇ ಬರೆದರು. ಏಳುವಾಗ ಬಾಗಿಲ ಕಡೆ ತಿರುಗಿ, ಒಳಗೆ ಬರದೆ, "ತಂಗೀ, ಜೋಡಿನ ತಪ್ಪು ಹೊಟ್ಯಾಗ ಹಾಕ್ಕೋ" ಅಂದರು. ಸರಕಾರಿ ಮನುಷ್ಯರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ದೇವರು ಅವರ ಹೊಟ್ಟೆ ತಣ್ಣಗಿಟ್ಟಿರಲಿ.

ಮಳೆಗಾಲ ಮುಗಿದ ಮೇಲೆ ಕಾಯಮ್ಮಾಗಿ ಇರಬಹುದು ಅಂತ ಕಚೇರಿಯ ಹುಕುಂ ಬಂತು. ನಮ್ಮವರು ಅದನ್ನು ಒಲೆಯ ಮುಂದೆ ಇಟ್ಟು ಅಡ್ಡಬಿದ್ದರು. ಮೊದಲ ಬಾಟಲಿ ಅಜ್ಜಿಗೆ ಹೋಯಿತು. ಅವಳು ಎಂದಿನ ಹಾಗೆ ಚೊಂಬು ದೂರ ಹಿಡಿದು ಹೊಯ್ಯಿಸಿಕೊಂಡಳು, ತೇಗಿದಳು. ನಾನು ಅವತ್ತು ಮಾಡಿದ ಪಾಯಸ ಮಾತ್ರ ಮತ್ತೆ ಎಮ್ಮೆಗೇ ಹೋಯಿತು. ಸರಕಾರ ಊರಿನವಳು ಅಂದರೂ ಅಜ್ಜಿ ಅನ್ನಲಿಲ್ಲ. ನನಗೆ ಸಿಟ್ಟು ಬಂತು. ಆದರೆ ಅಕ್ಕನ ಗಂಜಿ ಉಂಡ ಮೇಲೆ ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನ್ನ ಕೈಲಿ ಆಗುತ್ತಿರಲಿಲ್ಲ. ಎಮ್ಮೆಯಾದರೂ ಚೆನ್ನಾಗಿ ಹಾಲು ಕೊಡಲಿ ಅಂದುಕೊಂಡೆ.

ಕೆಲವು ವರ್ಷ ಹೀಗೇ ನಡೆಯಿತು. ಒಂದು ದಿನ ಬೆಳಗಾಗುತ್ತ ಬದಿಮನೆಯಿಂದ ಅಳು ಕೇಳಿಸಿತು. ಅಜ್ಜಿ ತೀರಿಕೊಂಡಿದ್ದಳು. ನಮ್ಮವರು ಹೋಗಿ ಗಂಡಸರ ಜೊತೆ ಸೌದೆ ಒಟ್ಟಿದರು. ನಾನೂ ಹೋಗಿ ಅಂಗಳದ ತುದಿಯಲ್ಲಿ ಕೂತು ಅತ್ತು ಬಂದೆ. ಆ ಅಜ್ಜಿಯ ತೇಗು ಇನ್ನು ಕೇಳಿಸುವುದಿಲ್ಲ ಅಂತ ನಿಜವಾಗಿಯೂ ಸಂಕಟವಾಯಿತು. ಹೆಣ ಎತ್ತಿಯಾಯಿತು. ಅವರ ಮಾಡಿನ ಮೇಲೆ ಹೊಗೆ ಇಲ್ಲ. ಅಕ್ಕನ ತವರಿನವರು ಕಿನ್ನರದಿಂದ ಬರಲು ಸಂಜೆಯಾಗುತ್ತದೆ. ನಾನು ಬೇಲಿಯ ಈಚೆ ನಿಂತೆ. ಒಯ್ಯೋಣವೇ? ಒಯ್ದರೆ ಇವತ್ತೂ ಎಮ್ಮೆಗೆ ಹೋದೀತೇ? ಇವತ್ತು ಹಾಗಾದರೆ ನನಗೆ ತಡೆಯಲು ಆಗುವುದಿಲ್ಲ ಅನ್ನಿಸಿತು.

ಅಕ್ಕ ಬಾವಿಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ಬೇಲಿಯ ಹತ್ತಿರ ಬಂದಳು. ಕಣ್ಣು ಊದಿಕೊಂಡಿತ್ತು. ದನಿ ಮಾತ್ರ ಅದೇ.

"ಎಂತಾ ಕಣ್ಣು ಬಿಟ್ಕಂಡು ನಿಂತಿದ್ದೆ? ನಮ್ಮನೇ ಒಲೆ ಆರಿದ್ದು ಕಾಣೂದಿಲ್ವಾ? ಗಂಜಿ ಎಲ್ಲದೆ?"

"ನನ್ನ ಕೈದಾ ಅಕ್ಕಾ?" ಅಂದೆ.

"ಮತ್ತ್ಯಾರ ಕೈದು? ಬದಿಮನೆ ಯಾರ್ದು?"

ನಾನು ಓಡಿದೆ. ಅತ್ತೆಯ ಕಲ್ಲುಗಳ ನಡುವೆ ಸೌದೆ ತುರುಕಿ, ಮನೆಯಲ್ಲಿದ್ದ ದೊಡ್ಡ ಗಡಿಗೆ ಏರಿಸಿ, ಕೈಗೆ ಬಂದಷ್ಟು ಅಕ್ಕಿ ಸುರಿದೆ. ಹೊಗೆಗೋ ಅಳುವಿಗೋ ಕಣ್ಣು ಕಾಣುತ್ತಿರಲಿಲ್ಲ. ಬಾಳೆಯೆಲೆ ಮುಚ್ಚಿ ದಣಪೆ ದಾಟಿ ಒಯ್ದೆ. ಅಕ್ಕನ ಗಂಡ, ಮಕ್ಕಳು, ಅಕ್ಕ, ಎಲ್ಲರೂ ಅಜ್ಜಿ ಕೂರುತ್ತಿದ್ದ ಜಗಲಿಯಲ್ಲೇ ಸಾಲಾಗಿ ಕೂತರು. ನಾನೇ ಬಡಿಸಿದೆ. ಅಕ್ಕ ಒಂದು ಗುಟುಕು ಸುರಿದು ತಲೆ ಎತ್ತಿದಳು.

"ಉಪ್ಪು ಹಾಕೂಕೆ ಮರ್ತೆ" ಅಂದಳು. "ಹೋಗು, ನಿಮ್ಮನೇ ಉಪ್ಪಿನ ಮರಿಗೆ ತಕ್ಕಂಡು ಬಾ."

ನಾನು ಆ ಮರದ ಬಟ್ಟಲು ತಂದು ಇಟ್ಟೆ. ಅವಳು ಅದರೊಳಗೆ ಕೈ ಹಾಕಿ ತೆಗೆದುಕೊಂಡು, ಗಂಡನ ಕಡೆ, ಮಕ್ಕಳ ಕಡೆ ಸರಿಸಿದಳು. ಎಲ್ಲರೂ ಹಾಕಿಕೊಂಡು ಉಂಡರು.